ತಪ್ಪು ಕಾಲಿನದೋ, ಗಾಡಿಯದೋ

ಆ ದಿನ ಬೆಳಿಗ್ಗೆ ನಾನು ಮಾಡಿದ ಕೆಲಸಗಳು: ನಳ ಬಂದಾಗ ಎದ್ದು ಡ್ರಮ್ಮುಗಳಿಗೆ ನೀರು ತುಂಬಿದ್ದು, ಹಾಲು ಕಾಯಿಸಿದ್ದು, ಮಡಿಕೆ ಕಾಳಿನ ಮೊಳಕೆ ಕಟ್ಟಿದ್ದ ಬಟ್ಟೆ ಬಿಚ್ಚಿ ಪಲ್ಯಕ್ಕೆ ಹಾಕಿದ್ದು, ಬೇಗನೆ ಬಾಲವಾಡಿಗೆ ಹೊರಡುವ ಹೆಂಡತಿಗೆ ಡಬ್ಬಿ ಕಟ್ಟಿದ್ದು, ಗ್ಯಾರೇಜಿನ ಶಟರ್ ಎತ್ತಿ ಕಸ ಗುಡಿಸಿ ಊದಿನಕಡ್ಡಿ ಹಚ್ಚಿದ್ದು, ಒಂದು ರಿಕ್ಷಾಕ್ಕೆ ಬ್ರೇಕ್ ಕೇಬಲ್ ಹಾಕಿದ್ದು, ಒಂದು ಟೆಂಪೋದ ಫ್ಯಾನ್ ಬೆಲ್ಟ್ ಬಿಗಿ ಮಾಡಿದ್ದು, ಚಹಾ ಕುಡಿದದ್ದು. ಲೋಟ ತೊಳೆದು ಬೋರಲು ಹಾಕುವಷ್ಟರಲ್ಲಿ ಹೋಟೆಲಿನ ಅಕ್ಕನ ಬಿಳಿ ಪಿಕಪ್ ನಮ್ಮ ಓಣಿಗೆ ತಿರುಗಿತು. ತಿರುಗುವಾಗ ಗೇರು ಕರಕರ ಎಂದಿತು. ಆ ಸದ್ದು ಕೇಳಿದರೆ ನನಗೆ ಹಲ್ಲು ಜುಮ್ಮೆನ್ನುತ್ತದೆ.

ಅಕ್ಕ ಉಡುಪಿ ಕಡೆಯವರು. ನನ್ನ ಗ್ಯಾರೇಜಿರುವ ಈ ನಾಸಿಕದಲ್ಲೇ ಅವರದೊಂದು ಸಣ್ಣ ಶಾಕಾಹಾರಿ ಹೋಟೆಲು. ಅವರ ತಮ್ಮ ವಾಳೂಜಿನ ಕಾರ್ಖಾನೆಗಳ ನಡುವೆ ಕ್ಯಾಂಟೀನು ನಡೆಸುತ್ತಾನೆ. ಪ್ರತಿ ಮಂಗಳವಾರ ಅಕ್ಕ ತೆಂಗಿನಕಾಯಿ, ಕುಚ್ಚಲಕ್ಕಿ, ತಾವೇ ಹುರಿದು ಕುಟ್ಟಿಸಿದ ಸಾರಿನ ಪುಡಿ ಹೇರಿಕೊಂಡು ನಾಸಿಕದಿಂದ ವಾಳೂಜಿಗೆ ತಾವೇ ಗಾಡಿ ಓಡಿಸಿಕೊಂಡು ಹೋಗುತ್ತಾರೆ. ಕಳೆದ ವರ್ಷ ಎಡಗಾಲಿನ ಮಂಡಿಗೆ ಆಪರೇಷನ್ ಆಗಿತ್ತು. ಅದು ವಾಸಿಯಾಗಿ ಓಡಾಟ ಶುರುವಾದ ಮೇಲೆ ಒಂದು ಮಂಗಳವಾರ ಗಂಗಾಪುರದ ಹತ್ತಿರ ನೀರಿನ ಪೈಪು ಒಡೆದು ಇಂಜಿನ್ ಕಾದು ಜಾಮ್ ಆಯಿತು. ವಾಳೂಜಿನ ಒಬ್ಬ ಮೇಸ್ತ್ರಿ ಗಾಡಿಯನ್ನು ಎಳೆಸಿಕೊಂಡು ಹೋಗಿ, ಹಳೆಯ ಇಂಜಿನ್ ಇಳಿಸಿ, ಪಕ್ಕದ ಸಂಭಾಜಿನಗರದಿಂದ ರಿಪೇರಿಯಾದ ಬೇರೊಂದು ಇಂಜಿನ್ ತಂದು ಕೂರಿಸಿದ. ಗೇರ್ ಬಾಕ್ಸು ಹಳೆಯದೇ. ಆ ಗೇರ್ ಬಾಕ್ಸು ನನಗೆ ಚೆನ್ನಾಗಿ ಗೊತ್ತು, ಬೆರಳಲ್ಲಿ ತಳ್ಳಿದರೆ ಗೇರು ಬೀಳುತ್ತಿತ್ತು.

“ಎಂತ ಮಾರಾಯ್ರೆ, ಹೊಸ ಇಂಜಿನ್ ಹಾಕಿದ ಮೇಲೆ ಎರಡನೇ ಗೇರು ಬೀಳುವುದೇ ಇಲ್ಲ. ರಿವರ್ಸ್ ಹಾಕಿದರೆ ಇಡೀ ಬೀದಿ ತಿರುಗಿ ನೋಡ್ತದೆ” ಎಂದರು ಅಕ್ಕ.

ಜೊತೆಯಲ್ಲಿ ಮಗನೂ ಬಂದಿದ್ದ. ಇಲ್ಲೇ ಹುಟ್ಟಿ ಬೆಳೆದವನು, ಹೋಟೆಲಿನ ವ್ಯವಹಾರವೆಲ್ಲ ಈಗ ಅವನದು. “ಅಂಕಲ್, ಗಾಡಿ ಠೀಕ್ ಇದೆ. ಅಮ್ಮನ ಕಾಲು ಪೂರಾ ಹೋಗ್ತಾ ನಾಹೀ. ಕ್ಲಚ್ ಅರ್ಧಾಚ್ ದಬ್ತಾಳೆ. ನೀವು ಒಮ್ಮೆ ಚೆಕ್ ಮಾಡಿ ಹೇಳಿ ನಾ. ಗಾಡಿ ಸರಿ ಇದ್ದರೆ ಮುಂದಿನ ತಿಂಗಳಿಂದ ಡ್ರೈವರ್ ಇಡ್ತೀನಿ.”

“ಹೇಳಿ ಮೇಸ್ತ್ರಿಗಳೇ,” ಅಕ್ಕ ನಕ್ಕರು. “ನನಗೆ ಪೆನ್ಶನ್ ಕೊಡುವುದು ಈಗ ನಿಮ್ಮ ಕೈಯಲ್ಲುಂಟು.”

ನಗುತ್ತಲೇ ಹೇಳಿದರು, ಆದರೆ ಸ್ಟೇರಿಂಗ್ ಮೇಲಿನ ಕೈ ತೆಗೆದಿರಲಿಲ್ಲ. ವಾರವಿಡೀ ಕೌಂಟರು, ಹಿಟ್ಟು, ಗಿರಾಕಿ. ಮಂಗಳವಾರ ಒಂದು ದಿನ ಅವರು ಒಬ್ಬರೇ, ರಸ್ತೆ ಅವರದು. ಇದನ್ನು ಅವರು ನನಗೆ ಬಾಯಿ ಬಿಟ್ಟು ಹೇಳಿದ್ದು ಆಮೇಲೆ.

ಮೊದಲು ನಾನೇ ಓಡಿಸಿ ನೋಡಿದೆ. ಪಾಥರ್ಡಿ ಫಾಟಾದ ತನಕ ಹೋಗಿ ಬಂದೆ. ಒಂದು, ಎರಡು, ಮೂರು, ಎಲ್ಲ ಬಿದ್ದವು. ಓಣಿಯಲ್ಲಿ ರಿವರ್ಸ್ ಹಾಕಿದೆ, ಅದೂ ಬಿತ್ತು. ಅಕ್ಕ ಕೂತು ಓಣಿಯೊಳಗೇ ಒಂದು ಸುತ್ತು ಹೊಡೆದರು, ಎರಡನೆಯದು ಕರಕರ ಎಂದಿತು. ಮಗ ನನ್ನ ಮುಖ ನೋಡಿದ. ನಾನು ಬಾನೆಟ್ ಎತ್ತಿದೆ.

“ಗಾಡಿ ಇಲ್ಲೇ ಬಿಟ್ಟು ಹೋಗ್ರಿ ಅಕ್ಕಾರ. ಹಿಂಗ ನಿಂತಲ್ಲೇ ಹೇಳೂ ಮಾತಲ್ಲ ಇದು.”

ಆ ದಿನ ಮತ್ತು ಮರುದಿನ ಹುಡುಕಿದೆ. ಗೇರ್ ಎಣ್ಣೆ ಇಳಿಸಿ ಬಿಳಿ ಬಟ್ಟೆಯ ಮೇಲೆ ಹಾಕಿ ನೋಡಿದೆ, ಕಬ್ಬಿಣದ ಚೂರಿಲ್ಲ. ಇಂಜಿನ್ ಬಂದ್ ಮಾಡಿ ಗೇರು ಹಾಕಿದರೆ ಐದೂ ಸಲೀಸು. ಅಂದರೆ ಗೇರಿನ ಕಡ್ಡಿಯಲ್ಲಾಗಲಿ ಬಾಕ್ಸಿನ ಒಳಗಾಗಲಿ ದೋಷವಿಲ್ಲ. ಇಂಜಿನ್ ಚಾಲೂ ಇದ್ದಾಗ ಮಾತ್ರ ಕಷ್ಟವೆಂದರೆ ಕ್ಲಚ್ಚಿನ ಮೇಲೆ ಅನುಮಾನ: ಪೆಡಲ್ ತುಳಿದಾಗ ಕ್ಲಚ್ಚು ಇಂಜಿನ್ನಿನ ಕೈಯನ್ನು ಪೂರ್ತಿ ಬಿಡಬೇಕು. ಸ್ವಲ್ಪ ಹಿಡಿದುಕೊಂಡೇ ಇದ್ದರೆ ಹಲ್ಲಿಗೆ ಹಲ್ಲು ಕೂಡುವುದಿಲ್ಲ. ಕ್ಲಚ್ಚಿನ ಎಣ್ಣೆಯಲ್ಲಿ ಗಾಳಿ ಸೇರಿರಬಹುದೆಂದು ಗಾಳಿ ತೆಗೆದೆ. ಪೆಡಲ್ ತುಳಿದಾಗ ಆ ಎಣ್ಣೆಯನ್ನು ತಳ್ಳುವ ಮಾಸ್ಟರ್ ಸಿಲಿಂಡರಿಗೆ ಹೊಸ ವಾಷರ್ ಹಾಕಿದೆ. ಕೆಳಗೆ ಮಲಗಿ, ಹೆಂಡತಿಯನ್ನು ಕರೆದು ಪೆಡಲ್ ತುಳಿಸಿ, ಕ್ಲಚ್ಚನ್ನು ತಳ್ಳುವ ಸರಳು ಎಷ್ಟು ಸರಿಯುತ್ತದೆಂದು ಅಳೆದೆ. ಬೇಕಾದಷ್ಟು ಸರಿಯುತ್ತಿತ್ತು. ಮತ್ತೆ ಓಡಿಸಿದೆ. ನನಗೆ ಎಲ್ಲವೂ ಬಿದ್ದವು.

ಮಗ ಫೋನ್ ಮಾಡಿದಾಗ, “ಗಾಡ್ಯಾಗ ನನಗಂತೂ ಏನೂ ಸಿಗವಲ್ದು” ಎಂದೆ.

ಅಷ್ಟನ್ನೇ ಅವನು ತೀರ್ಪೆಂದು ತೆಗೆದುಕೊಂಡ. “ಬಸ್, ಅಂಕಲ್. ಮಲಾ ಮಾಹೀತ್ ಹೋತಂ. ನನಗೆ ಗೊತ್ತೇ ಇತ್ತು” ಎಂದು ಇಟ್ಟುಬಿಟ್ಟ.

ಆ ರಾತ್ರಿ ಊಟಕ್ಕೆ ಕೂತೆ. ರೊಟ್ಟಿ ಮುರಿದು ಬಾಯಿಗಿಟ್ಟರೂ ಮನಸ್ಸು ಅಲ್ಲಿರಲಿಲ್ಲ. ಅಕ್ಕ ಓಣಿಗೆ ತಿರುಗಿದಾಗ ಕೇಳಿದ ಸದ್ದು ಸುಳ್ಳಲ್ಲ. ನನ್ನ ಕೈಯಲ್ಲಿ ಬೀಳುವ ಗೇರೂ ಸುಳ್ಳಲ್ಲ. ಒಂದೇ ಗಾಡಿ ಇಬ್ಬರಿಗೆ ಎರಡು ಮಾತು ಹೇಳುತ್ತದೆಯೇ?

“ಉಣ್ಣೂ ಮುಂದರೆ ಕಾಲು ಅಲುಗಾಡ್ಸೂದು ಬಿಡ್ರಿ. ಗಂಗಾಳ ನಡಗಾಕ್ಹತ್ತೈತಿ” ಎಂದಳು ಹೆಂಡತಿ.

“ಮಂಗಳವಾರ ಅಕ್ಕಾರ ಕೂಡ ವಾಳೂಜಕ್ಕ ಹೋಗಿ ಬರ್ತೇನಿ.”

“ಗ್ಯಾರೇಜ?”

“ಒಂದಿನ ಬಂದ್ ಇರಲಿ. ನಾ ಖಾಲಿ ಗಾಡಿ ಹೊಡದೇನಿ, ಊರಾಗ. ಅವರು ತುಂಬಿದ ಗಾಡಿ ಹೊಡೀತಾರ, ಬಿಸಲಾಗ.”

“ಹೋಗಿ ಬರ್ರಿ ಹಂಗಾರ. ಇಲ್ಲಿದ್ದರೂ ನಿಮಗ ನೆಲ ಹತ್ತಂಗಿಲ್ಲ.”

ಮಂಗಳವಾರ ನಸುಕಿನಲ್ಲಿ ಹೊರಟೆವು. ಹಿಂದೆ ತೆಂಗಿನಕಾಯಿಯ ಚೀಲಗಳು, ಅಕ್ಕಿ, ಪುಡಿಯ ಡಬ್ಬಗಳು, ನನ್ನ ಸ್ಪ್ಯಾನರು-ಪಾನಾಗಳ ಪೆಟ್ಟಿಗೆ, ದೊಡ್ಡ ಜಾಕು. ಅಕ್ಕನೇ ಓಡಿಸಿದರು. ನಿಫಾಡದ ತನಕ ತಂಪು, ಗೇರುಗಳು ಅಲ್ಪಸ್ವಲ್ಪ ತಕರಾರು ಮಾಡಿ ಬಿದ್ದವು. ವಿಂಚೂರಿನಲ್ಲಿ ಈರುಳ್ಳಿ ಹೇರಿದ ಟ್ರ್ಯಾಕ್ಟರುಗಳ ಸಾಲು ಸಿಕ್ಕಿತು. ಮೂರರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ, ಮತ್ತೆ ಎರಡಕ್ಕೆ. ಬಿಸಿಲು ಏರಿತು. ಯೇವಲಾ ದಾಟುವಷ್ಟರಲ್ಲಿ ಪ್ರತಿ ಸಲವೂ ಕರಕರ. ಕೇಳುತ್ತ ಕೂರಲಾಗದೆ ನಾನು ಕಿಟಕಿಯ ಗಾಜು ಏರಿಸುತ್ತಿದ್ದೆ, ಇಳಿಸುತ್ತಿದ್ದೆ.

“ನೀವು ನನ್ನ ಗಾಜನ್ನು ಹಾಳು ಮಾಡ್ತೀರಿ” ಎಂದರು ಅಕ್ಕ.

ನಾನು ಬಗ್ಗಿ ಅವರ ಎಡಗಾಲನ್ನೇ ನೋಡತೊಡಗಿದೆ. ಹೆಂಗಸರ ಕಾಲು ಹೀಗೆ ನೋಡುವುದು ಚೆಂದವಲ್ಲ, ಆದರೆ ಬಂದದ್ದೇ ಅದಕ್ಕೆ. ಪೆಡಲ್ ಪ್ರತಿ ಸಲವೂ ಕೆಳಗಿನ ರಬ್ಬರ್ ಮ್ಯಾಟಿಗೆ ಮುಟ್ಟುತ್ತಿತ್ತು. ನಿಧಾನ ಹೋಗುತ್ತಿತ್ತು, ಆದರೆ ಮುಟ್ಟುತ್ತಿತ್ತು. ಅರ್ಧ ತುಳಿಯುತ್ತಾಳೆ ಎಂಬ ಮಗನ ಮಾತು ಅಲ್ಲಿಗೆ ಬಿದ್ದುಹೋಯಿತು. ಆದರೂ ನನ್ನ ಗಂಟು ಬಿಡಿಸಿಕೊಳ್ಳಲಿಲ್ಲ. ಹಾಗಿದ್ದರೆ ನನಗೇಕೆ ಸಲೀಸು?

ವೈಜಾಪುರದಲ್ಲಿ ಚಹಾ ಕುಡಿದು ಸ್ಟೇರಿಂಗಿಗೆ ನಾನು ಕೂತೆ. ಅದೇ ಹೊರೆ, ಅದೇ ಬಿಸಿ. ಎರಡು ಬಿತ್ತು, ಮೂರು ಬಿತ್ತು, ಎದುರಿಗೆ ಎಮ್ಮೆ ಬಂದು ಮತ್ತೆ ಎರಡಕ್ಕಿಳಿಸಿದರೆ ಅದೂ ಬಿತ್ತು. ಅಕ್ಕ ತಲೆ ತಗ್ಗಿಸಿ ಕೂತಿದ್ದರು. ನಾನು ಅವರ ಮಾತನ್ನು ಸುಳ್ಳು ಮಾಡುತ್ತಿದ್ದೇನೆಂದು ನನಗೇ ಸಂಕಟವಾಗತೊಡಗಿತು.

ಆಮೇಲೆ ಅವರು ಕೇಳಿದರು: “ನೀವು ಎಂತಕ್ಕೆ ಎರಡೆರಡು ಸಲ ತುಳಿಯುವುದು?”

“ಏನ್ ಎರಡೆರಡು ಸಲರಿ?”

“ಕ್ಲಚ್ಚು. ಒಂದು ಗೇರಿಗೆ ಎರಡು ಸಲ ತುಳಿತೀರಿ. ಎಲ್ಲರೂ ನನ್ನ ಕಾಲು ನೋಡುವವರೇ. ನಾನು ಕೂತು ಕೂತು ನಿಮ್ಮದು ನೋಡಿದೆ.”

ನನಗೆ ನಂಬಿಕೆ ಬರಲಿಲ್ಲ. ಮುಂದಿನ ಗೇರಿಗೆ ನಾನೂ ನೋಡಿಕೊಂಡೆ. ನಿಜ. ಒಂದು ಸಲ ತುಳಿದು ನ್ಯೂಟ್ರಲ್, ಬಿಟ್ಟು, ಸ್ವಲ್ಪ ರೇಸ್ ಕೊಟ್ಟು, ಮತ್ತೆ ತುಳಿದು ಗೇರು. ನಾನು ಕೆಲಸ ಕಲಿತದ್ದು ನಮ್ಮ ಕಡೆಯ ವಿಜಾಪುರದ ಹಳೆಯ ಲಾರಿಗಳ ಮೇಲೆ. ಆ ಲಾರಿಗಳಲ್ಲಿ ಹೀಗೆ ಎರಡು ಸಲ ತುಳಿದು ಇಂಜಿನ್ನಿನ ವೇಗವನ್ನೂ ಗೇರಿನ ವೇಗವನ್ನೂ ಸರಿ ಹೊಂದಿಸದಿದ್ದರೆ ಗೇರು ಬೀಳುತ್ತಲೇ ಇರಲಿಲ್ಲ. ರಿವರ್ಸಿಗೂ ಅಷ್ಟೇ, ಮೊದಲು ಮೂರಕ್ಕೆ ಒಂದು ಸಲ ಮುಟ್ಟಿಸಿ, ಗೇರ್ ಬಾಕ್ಸಿನೊಳಗೆ ತಿರುಗುವ ದಂಡವನ್ನು ನಿಲ್ಲಿಸಿ, ಆಮೇಲೆ ಹಿಂದಕ್ಕೆ. ಈಗಿನ ಗಾಡಿಗಳಿಗೆ ಇದು ಬೇಕಿಲ್ಲ. ಕಾಲು ಮಾತ್ರ ಮರೆತಿರಲಿಲ್ಲ. ಗಾಡಿಯ ದೋಷವನ್ನು ನನ್ನ ಕಾಲೇ ಮುಚ್ಚಿಟ್ಟುಕೊಂಡು ಬರುತ್ತಿತ್ತು.

“ಒಂದೇ ಸಲ ತುಳಿದು ಹಾಕಿ, ನೋಡುವ” ಎಂದರು ಅಕ್ಕ.

ಮನಸ್ಸಿಟ್ಟು ಒಂದೇ ಸಲ ತುಳಿದು ಎರಡಕ್ಕೆ ಎಳೆದೆ. ಕರ್ರೆಂದಿತು, ಅವರು ಹಾಕಿದ್ದಕ್ಕಿಂತ ಜೋರಾಗಿ. ಬದಿಯ ಹೊಲದಲ್ಲಿದ್ದವನು ತಲೆಯೆತ್ತಿ ನೋಡಿದ.

ಅಕ್ಕ ಡ್ಯಾಶ್‌ಬೋರ್ಡಿಗೆ ಬಡಿದು ನಕ್ಕರು. “ಈಗ ನಿಮಗೂ ಮಂಡಿ ಆಪರೇಷನ್ ಮಾಡಿಸಬೇಕು ಮಾರಾಯ್ರೆ!”

ವಾಳೂಜಿನಲ್ಲಿ ತಮ್ಮನ ಕ್ಯಾಂಟೀನಿನ ಹಿಂದೆ ಸಿಮೆಂಟಿನ ಅಂಗಳವಿದೆ. ಸಾಮಾನು ಇಳಿಸಿದ ಕೂಡಲೇ, ಇಂಜಿನ್ ತಣ್ಣಗಾಗುವ ಮೊದಲೇ, ಹಿಂದಿನ ಎರಡೂ ಚಕ್ರಗಳನ್ನು ನೆಲದಿಂದ ಎತ್ತಿ ಕೆಳಗೆ ಗಟ್ಟಿ ಮರದ ದಿಮ್ಮಿ ಕೊಟ್ಟೆ. ಅಕ್ಕನನ್ನು ಸೀಟಿನ ಮೇಲೆ ಕೂರಿಸಿ, ಇಂಜಿನ್ ಬಂದ್ ಇದ್ದಾಗಲೇ ಎರಡನೇ ಗೇರು ಹಾಕಿಸಿ, ಕ್ಲಚ್ಚು ಪೂರ್ತಿ ತುಳಿಸಿ, ಚಾಲೂ ಮಾಡಿಸಿದೆ. ತುಳಿದು ಹಿಡಿದಿರುವ ತನಕ ಚಕ್ರ ನಿಂತಿರಬೇಕು. ಚಕ್ರಗಳು ತಿರುಗಿದವು, ಮೆಲ್ಲಗೆ, ಗಾಣದೆತ್ತಿನ ಹಾಗೆ.

“ತುಳಿದೀರ್ರಿ ಅಕ್ಕಾರ?”

“ತುಳಿದೇ ಇದ್ದೇನೆ! ನೆಲ ತೂತಾಗುವ ಹಾಗೆ ತುಳಿದಿದ್ದೇನೆ!”

ಅಕ್ಕನ ತಮ್ಮ ಮೊಬೈಲಿನಲ್ಲಿ ವಿಡಿಯೋ ಮಾಡಿದ. ಮೊದಲು ಪೆಡಲಿನ ಮೇಲೆ ಅಕ್ಕನ ಕಾಲು, ಆಮೇಲೆ ತಿರುಗುವ ಚಕ್ರ. ಅದನ್ನು ಮಗನಿಗೆ ಕಳಿಸಿದೆವು. ಸ್ವಲ್ಪ ಹೊತ್ತಿಗೆ ಅವನ ಫೋನು ಬಂತು. “ಠೀಕ್ ಅಂಕಲ್, ಕ್ಲಚ್ ಪ್ಲೇಟ್ ಹಾಕಿಸಿ. ಹಾಕಿದ ಮೇಲೂ ಅಮ್ಮನಿಗೆ ಗೇರ್ ಬೀಳದಿದ್ದರೆ? ಆಗ ಡ್ರೈವರ್. ಅಮ್ಮಾ, ಪ್ರಾಮಿಸ್ ಮಾಡು.” ಅಕ್ಕ ಮಾಡಿದರು. ಅವರು ಅಷ್ಟು ಬೇಗ ಒಪ್ಪಬಾರದಿತ್ತೆಂದು ನನಗನ್ನಿಸಿತು. ನಾನು ಗುಣ ಮಾಡದೆ ಗಾಡಿ ಕೊಟ್ಟರೆ ತಪ್ಪು ಆಣೆ ಮಾಡಿದವರ ಮೇಲೇ ಬರುತ್ತದೆ.

ಇಂಜಿನ್ ಕೂರಿಸಿದ್ದ ಮೇಸ್ತ್ರಿಯನ್ನೇ ಕರೆಸಿದೆವು. ಮರಾಠಿಯವನು, ನನ್ನ ವಯಸ್ಸಿನವನೇ. ಬರುವಾಗಲೇ ಹುಬ್ಬು ಗಂಟು ಹಾಕಿಕೊಂಡಿದ್ದ. “ಮಾಝಂ ಫಿಟಿಂಗ್ ಏಕದಮ್ ಓಕೇ ಆಹೇ ದಾದಾ” ಎಂದ, ತನ್ನ ಕೆಲಸ ಸರಿಯಾಗೇ ಇದೆ ಎಂದು. ಆದರೂ ಅಂಗಿಯ ತೋಳು ಮಡಚಿ ನನ್ನ ಜೊತೆ ಗಾಡಿಯ ಕೆಳಗೆ ಮಲಗಿದ. ಇಬ್ಬರೂ ಸೇರಿ ಗೇರ್ ಬಾಕ್ಸು ಇಳಿಸಿದೆವು. ನನಗೆ ಆಗ ಬಹಳ ಭರವಸೆಯಿತ್ತು. ಒಳಗೆ ನೋಡಿದರೆ ತಪ್ಪೇನೂ ಇಲ್ಲ. ಪ್ಲೇಟು ಸರಿಯಾದ ಮಗ್ಗುಲಿಗೇ ಇದೆ, ಸವೆದಿಲ್ಲ, ಎಣ್ಣೆ ಕುಡಿದಿಲ್ಲ. ಅದನ್ನು ಒತ್ತಿ ಹಿಡಿಯುವ ತಟ್ಟೆಯ ಬೆರಳುಗಳೆಲ್ಲ ಒಂದೇ ಮಟ್ಟ.

“ನವೀನ್ ಪ್ಲೇಟ್ ಟಾಕಾ, ವಿಷಯ್ ಸಂಪಲಾ” ಎಂದ ಅವನು. ಹೊಸ ಪ್ಲೇಟು ಹಾಕಿ ಮುಗಿಸೋಣ.

ಅಕ್ಕನ ತಮ್ಮ ಹೊಸ ಪ್ಲೇಟು ತಂದೂ ಬಿಟ್ಟ. ನಾನು ಅದನ್ನು ಡಬ್ಬಿಯಿಂದ ತೆಗೆಯಲಿಲ್ಲ. ಸಂಜೆಯಾಯಿತು. ಮನೆಗೆ ಫೋನ್ ಮಾಡಿ ನಾಳೆ ಬರುತ್ತೇನೆಂದೆ. ಆ ರಾತ್ರಿ ಕ್ಯಾಂಟೀನಿನ ಬೆಂಚಿನ ಮೇಲೆ ಬಿದ್ದುಕೊಂಡು ಅತ್ತಿತ್ತ ಹೊರಳಿದೆ. ಸರಿ ಇರುವ ಪ್ಲೇಟನ್ನು ತೆಗೆದು ಸರಿ ಇರುವ ಇನ್ನೊಂದು ಪ್ಲೇಟು ಹಾಕಿದರೆ ಏನು ಬದಲಾಗುತ್ತದೆ?

ಬೆಳಿಗ್ಗೆ ಹಲ್ಲುಜ್ಜಿದವನೇ ಗೇರ್ ಬಾಕ್ಸಿನ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಅದರ ಮುಂದಿನ ದಂಡ ಕ್ಲಚ್ ಪ್ಲೇಟಿನ ನಡುವಿನಿಂದ ಹಾಯ್ದು ಇಂಜಿನ್ನಿನ ತುದಿಯ ಸಣ್ಣ ಬೇರಿಂಗಿನಲ್ಲಿ ಕೂರುತ್ತದೆ. ಬಿಸಿಲು ಅಡ್ಡ ಬೀಳುತ್ತಿತ್ತು. ದಂಡದ ಮೇಲೆ ಪ್ಲೇಟು ಸರಿಯುವ ಗೀರುಗಳು ಒಂದು ಮಗ್ಗುಲಿಗೆ ಮಾತ್ರ ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಸಣ್ಣ ಬೇರಿಂಗು ಬೆರಳಿಗೆ ಒರಟಾಗಿ ಸಿಕ್ಕಿತು. ದಂಡ ಇಂಜಿನ್ನಿಗೆ ನೆಟ್ಟಗೆ ಕೂತಿಲ್ಲ, ಕೂದಲೆಳೆಯಷ್ಟು ಓರೆಯಾಗಿದೆ. ಓರೆ ದಂಡದ ಮೇಲೆ ಪ್ಲೇಟು ಸರಿಯಬೇಕಾದಾಗ ಸರಿಯದೆ ಸಿಕ್ಕಿಕೊಳ್ಳುತ್ತದೆ. ಕಾದಾಗ ಇನ್ನೂ ಹೆಚ್ಚು.

ಓರೆ ಏಕಾಯಿತು? ಇಂಜಿನ್ನಿನ ಹಿಂಬದಿಯನ್ನು ಅಂಗೈಯಿಂದ ಸವರಿಕೊಂಡು ಹೋದೆ. ಗೇರ್ ಬಾಕ್ಸಿನ ಚಿಪ್ಪು ಕೂರುವ ಜಾಗದಲ್ಲಿ, ಎರಡು ಬೋಲ್ಟಿನ ತೂತುಗಳ ಸುತ್ತ, ಬಣ್ಣ ದಪ್ಪವಾಗಿ ಹೆಪ್ಪುಗಟ್ಟಿತ್ತು. ಸ್ಕ್ರೂಡ್ರೈವರಿನಿಂದ ಕೆರೆದೆ. ಬಣ್ಣದ ಕೆಳಗೆ ಖಾಲಿ ಗುಂಡಿ. ಅಲ್ಲಿ ಡಾವೆಲ್ ಇರಬೇಕು. ಡಾವೆಲ್ ಅಂದರೆ ಬೆರಳಗಲದ ಉಕ್ಕಿನ ಬಳೆ, ಇಂಜಿನ್ನಿನಿಂದ ಸ್ವಲ್ಪ ಹೊರಗೆ ಚಾಚಿರುತ್ತದೆ. ಗೇರ್ ಬಾಕ್ಸು ಮೊದಲು ಅದರ ಮೇಲೆ ಕೂರಬೇಕು, ಬೋಲ್ಟು ಆಮೇಲೆ. ಬೋಲ್ಟು ಬರೀ ಬಿಗಿ ಹಿಡಿಯುತ್ತದೆ, ತೂತಿನಲ್ಲಿ ಅದಕ್ಕೆ ಅಲ್ಲಾಡಲು ಜಾಗವಿದೆ. ಡಾವೆಲ್ ಇಲ್ಲದ್ದರಿಂದ ಗೇರ್ ಬಾಕ್ಸು ತನ್ನ ಭಾರಕ್ಕೆ ಆ ಜಾಗದಷ್ಟು ಕೆಳಗೆ ಜಗ್ಗಿ, ಹಾಗೆಯೇ ಬಿಗಿದುಕೊಂಡಿತ್ತು.

ವಾಳೂಜಿನ ಮೇಸ್ತ್ರಿ ಬಂದಾಗ ಅವನ ಬೆರಳು ಹಿಡಿದು ಗುಂಡಿಯೊಳಗಿಟ್ಟೆ. ಅವನು ಬೆರಳು ತಿರುಗಿಸಿ ನೋಡಿ ಹಣೆ ಬಡಿದುಕೊಂಡ. “ಅರೇ ದೇವಾ! ತೇ ಜುನ್ಯಾ ಬ್ಲಾಕ್‌ಮಧ್ಯೇಚ್ ರಾಹಿಲೇ!” ಹಳೆಯ ಇಂಜಿನ್ನಿನಲ್ಲೇ ಉಳಿದುಬಿಟ್ಟವು! ಹಳೆಯ ಇಂಜಿನ್ನನ್ನು ಸಂಭಾಜಿನಗರದ ರಿಪೇರಿಯವನಿಗೇ ಬದಲಿಗೆ ಕೊಟ್ಟುಬಿಟ್ಟಿದ್ದರು. ಹೊಸದು ಬಣ್ಣ ಬಳಿದುಕೊಂಡು ಬಂದಿತ್ತು, ಗುಂಡಿ ಕಾಣಲಿಲ್ಲ.

ಆಮೇಲೆ ಅವನ ಹುಬ್ಬಿನ ಗಂಟು ಹೋಯಿತು. ತನ್ನ ಸ್ಕೂಟರಿನ ಮೇಲೆ ನನ್ನನ್ನು ಕೂರಿಸಿಕೊಂಡು ಸಂಭಾಜಿನಗರದ ಇಂಜಿನ್ ರಿಪೇರಿಯವನ ಹಿತ್ತಲಿಗೆ ಕರೆದೊಯ್ದ. ಅಲ್ಲಿ ರಾಶಿ ಬಿದ್ದ ಬ್ಲಾಕುಗಳ ನಡುವೆ ಇಬ್ಬರೂ ಬೆವರು ಸುರಿಸುತ್ತ ಹುಡುಕಿದೆವು. ಅದು ಮಾರಿ ಹೋಗಿದ್ದರೆ ಎಂಬ ಯೋಚನೆ ಬಂದಾಗಲೆಲ್ಲ ನಾನು ಇನ್ನೊಂದು ಬ್ಲಾಕನ್ನು ಉರುಳಿಸುತ್ತಿದ್ದೆ. ಕೊನೆಗೆ ಒಡೆದ ಪೈಪಿನ ಗುರುತಿನಿಂದ ಅವನೇ ಕಂಡುಹಿಡಿದ. ಎರಡೂ ಡಾವೆಲ್ಲುಗಳು ಅದರಲ್ಲಿದ್ದವು, ತುಕ್ಕು ಹಿಡಿದು. ಡೀಸೆಲ್ ಹಾಕಿ, ಕಾಯಿಸಿ, ಇಕ್ಕಳದಲ್ಲಿ ತಿರುವಿ ತಿರುವಿ ನೋಯಿಸದೆ ಕಿತ್ತೆವು. ಬರುವಾಗ ಹೊಸ ಸಣ್ಣ ಬೇರಿಂಗ್ ಕೊಂಡೆವು.

ಉಜ್ಜಿ ಹೊಳಪು ಬಂದ ಎರಡು ಬಳೆಗಳನ್ನು ನೋಡಿ ಅಕ್ಕ, “ಇಷ್ಟೇ ಇಷ್ಟುಂಟಲ್ಲ, ಕಾಲುಂಗುರದ ಹಾಗೆ! ಇದಕ್ಕೋಸ್ಕರ ನನ್ನನ್ನು ಮನೆಯಲ್ಲಿ ಕೂರಿಸ್ತಿದ್ದರಾ?” ಎಂದರು.

ಡಾವೆಲ್ ಬಡಿದು, ಹಳೆಯ ಪ್ಲೇಟನ್ನೇ ಹಾಕಿ, ಗೇರ್ ಬಾಕ್ಸು ಎತ್ತಿದೆವು. ಬೋಲ್ಟಿಲ್ಲದೆಯೇ ಅದು ಬಳೆಗಳ ಮೇಲೆ ಟಕ್ಕೆಂದು ಕೂತಿತು. ಬೋಲ್ಟು ಬಿಗಿದು, ಮತ್ತೆ ಚಕ್ರ ಎತ್ತಿ ಅದೇ ಪರೀಕ್ಷೆ ಮಾಡಿದೆವು. ಅಕ್ಕ ತುಳಿದರು. ಚಕ್ರ ನಿಂತೇ ಇತ್ತು. ನಾನು ಒಂದು ಬೆರಳಿನಿಂದ ಹಿಂದಕ್ಕೆ ತಿರುಗಿಸಿದೆ, ತಿರುಗಿತು.

ಅಷ್ಟಕ್ಕೇ ಬಿಡಲಿಲ್ಲ. ನಿಫಾಡದ ತನಕ ತಂಪಿನಲ್ಲಿ ಅಕ್ಕನಿಗೂ ಬಿದ್ದಿದ್ದವಲ್ಲ. ಕ್ಯಾಂಟೀನಿನ ದೊಡ್ಡ ಡ್ರಮ್ಮುಗಳಿಗೆ ನೀರು ತುಂಬಿಸಿ ಹಿಂದೆ ಇಟ್ಟು, ನೆತ್ತಿ ಸುಡುವ ಬಿಸಿಲಿನಲ್ಲಿ ಗಂಗಾಪುರದ ತನಕ ಅಕ್ಕನಿಂದಲೇ ಓಡಿಸಿದೆ. ವಾಳೂಜಿನ ಮೇಸ್ತ್ರಿ ನಮ್ಮಿಬ್ಬರ ನಡುವೆ ಇಕ್ಕಟ್ಟಾಗಿ ಕೂತ. ಸಂತೆಯ ಗದ್ದಲದಲ್ಲಿ ಎರಡು, ಒಂದು, ಎರಡು, ಮೂರು. ರಸ್ತೆ ಬದಿಗೆ ನಿಲ್ಲಿಸಿ ರಿವರ್ಸ್. ಯಾರೂ ತಿರುಗಿ ನೋಡಲಿಲ್ಲ. ವಾಪಸು ಬರುವಾಗ ನಾನು ಕೂತು, ನನ್ನ ಎಡಗಾಲನ್ನು ನಾನೇ ಬೈದುಕೊಳ್ಳುತ್ತ, ಒಂದೊಂದೇ ಸಲ ತುಳಿದು ಬಂದೆ. ನನಗೂ ಬಿದ್ದವು.

ಮಗನಿಗೆ ನಾನೇ ಫೋನ್ ಮಾಡಿದೆ. “ಗಾಡೀದು ತಪ್ಪಿತ್ತಪ್ಪಾ. ಅವ್ವಾರ ಕಾಲಿಂದಲ್ಲ. ಮೊದಲ ನಾ ನಿನಗ ಹೇಳಿದ್ದು ತಪ್ಪು.”

ಅವನು, “ಅಮ್ಮನಿಗೆ ಸಾವಕಾಶ್ ಬಾ ಅಂತ ಹೇಳಿ” ಎಂದ. ಡ್ರೈವರಿನ ಮಾತೆತ್ತಲಿಲ್ಲ.

ಸಂಜೆ ನಾಸಿಕಕ್ಕೆ ಹೊರಟಾಗ ಅಕ್ಕ ಸ್ಟೇರಿಂಗಿಗೆ ಕೂತು ಸೆರಗು ಸಿಕ್ಕಿಸಿಕೊಂಡರು. ಊರು ದಾಟಿದ ಮೇಲೆ ತಮ್ಮಷ್ಟಕ್ಕೇ ಎಂಬಂತೆ ಹೇಳಿದರು: “ಮಂಡಿ ನೋಯುವುದು ಸುಳ್ಳಲ್ಲ ಮೇಸ್ತ್ರಿಗಳೇ. ಯೇವಲಾ ಮುಟ್ಟುವಾಗ ನೋಯ್ತದೆ. ಅದನ್ನು ಅವನಿಗೆ ಹೇಳಬೇಡಿ. ಬಿಡುವ ದಿನ ಬಂದರೆ ನಾನೇ ಬಿಡ್ತೇನೆ. ಮಂಗಳವಾರ ಒಂದು ದಿನ ನನ್ನನ್ನು ಯಾರೂ ಕರೆಯುವುದಿಲ್ಲ, ಗೊತ್ತುಂಟಾ? ಚಟ್ನಿ ಮುಗಿಯಿತು, ಗ್ಯಾಸ್ ಮುಗಿಯಿತು ಅಂತ ಯಾರೂ ಇಲ್ಲ.”

“ನಾ ಯಾಕ ಹೇಳ್ಲಿರಿ,” ಎಂದೆ. “ನಾ ಗಾಡಿ ಮೇಸ್ತ್ರಿ. ಮಂಡಿ ಮೇಸ್ತ್ರಿ ಅಲ್ಲ.”

ವೈಜಾಪುರದಾಚೆ ಒಂದು ಧಾಬಾದಲ್ಲಿ ನಿಲ್ಲಿಸಿದೆವು. ಸಜ್ಜೆಯ ಭಾಕರಿ, ಕಡಲೆಹಿಟ್ಟಿನ ಬಿಸಿ ಪಿಠಲಾ, ಜಜ್ಜಿದ ಈರುಳ್ಳಿ, ಹಸಿಮೆಣಸಿನ ಠೇಚಾ ತಿಂದೆವು. ಅಕ್ಕ ಠೇಚಾ ಮುಟ್ಟಲಿಲ್ಲ, ನಾನು ಎರಡನೇ ಸಲ ಹಾಕಿಸಿಕೊಂಡೆ. ಮತ್ತೆ ಗಾಡಿ ಹೊರಟಿತು. ಅಕ್ಕ ಒಂದು ಹಾಕಿದರು, ಎರಡು ಹಾಕಿದರು. ಮೂರು ಹಾಕಿದ್ದು ನನಗೆ ಕೇಳಲಿಲ್ಲ. ಬೇರೆಯವರು ಓಡಿಸುವ ಗಾಡಿಯಲ್ಲಿ ನಾನು ಯಾವತ್ತೂ ಕಣ್ಣು ಮುಚ್ಚಿದವನಲ್ಲ. ಅಂದು ಮಾತ್ರ ನಿದ್ದೆ ಹೋದೆ. ಕಣ್ಣು ಬಿಟ್ಟಾಗ ಗಾಡಿ ನಮ್ಮ ಓಣಿಯಲ್ಲಿ ಹಿಮ್ಮುಖವಾಗಿ ನಿಂತಿತ್ತು, ರಿವರ್ಸ್ ಹಾಕಿದ್ದು ನನಗೆ ಕೇಳಿಸಿಯೇ ಇರಲಿಲ್ಲ.